ಚಿರತೆರಾಯನಿಗೊಂದು ಮರೆ

"ಅಮ್ಮಾ! ಚಿರತೆರಾಯ ಇವತ್ತೂ ಊಟ ಮುಟ್ಟಿಲ್ಲ!"

ಗಿರಗಿಟ್ಲೆ ಗಾಜಿನ ಪೆಟ್ಟಿಗೆಗೆ ಮೂಗು ಒತ್ತಿಕೊಂಡು ಕೂಗಿದಳು. ನಿಂತಲ್ಲಿ ನಿಲ್ಲದ ಹುಡುಗಿಗೆ ಮನೆಯವರು ಇಟ್ಟ ಹೆಸರು ಅದು. ಚಿರತೆರಾಯ ಎಂದರೆ ಅವಳ ಲೆಪರ್ಡ್ ಗೆಕೊ. ಹಳದಿ ಮೈ, ಕಪ್ಪು ಚುಕ್ಕೆ, ದಪ್ಪ ಬಾಲದ ಹಲ್ಲಿ.

"ನಾಳೆಯೊಳಗೆ ತಿನ್ನದಿದ್ರೆ ಅಂಗಡಿಗೆ ವಾಪಸ್. ನಮ್ಮ ಖುಷಿಗೆ ಪಾಪದ ಪ್ರಾಣಿ ಉಪವಾಸ ಬೀಳೋದು ಬೇಡ," ಎಂದಳು ಅಮ್ಮ.

ಗಿರಗಿಟ್ಲೆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. ಅಷ್ಟರಲ್ಲಿ ಮಾವ ಚೀಲ ಹಿಡಿದು ಬಂದ. ಅವನದು ಫ್ರಿಜ್ ರಿಪೇರಿ ಕೆಲಸ.

"ಹಾಳೆಯಂಥ ಹೀಟರ್ ತಂದಿದೀನಿ. ಪೆಟ್ಟಿಗೆಯ ಕೆಳಗೆ, ಈ ತುದಿಗೆ ಮಾತ್ರ. ಇಲ್ಲಿ ಬೆಚ್ಚಗೆ, ಅಲ್ಲಿ ತಂಪು. ರಾಯರಿಗೆ ಬೇಕಾದ ಕಡೆ ಹೋಗ್ಬಹುದು."

"ಅರ್ಧ ಒಲೆ, ಅರ್ಧ ಫ್ರಿಜ್ಜು!"

"ಹ್ಞೂಂ, ಜಾಣೆ! ಓಡು, ಅಜ್ಜನ ಕೋಣೆಯಿಂದ ಚಪ್ಪಟೆ ಟೈಲ್ಸ್ ತಗೊಂಡ್ಬಾ. ನೆಲಕ್ಕೆ ಹಾಸೋಣ."

ಅಜ್ಜ ಟೈಲ್ಸ್ ಹಾಕುತ್ತಿದ್ದವನು. ಅವನು ತೀರಿಕೊಂಡ ಮೇಲೆ ಅಜ್ಜಿ ಆ ಕೋಣೆಯಲ್ಲೇ ಹೆಚ್ಚು ಹೊತ್ತು ಇರುತ್ತಿದ್ದಳು. ಒಬ್ಬಳೇ ಕೂತರೆ ಕೊರಗುತ್ತಾಳೆ ಎಂದು ಎಲ್ಲರಿಗೂ ಚಿಂತೆ. ಅವಳು ಬಾಗಿಲು ಮುಚ್ಚಿದಾಗಲೆಲ್ಲ ಯಾರಾದರೊಬ್ಬರು ಹೋಗಿ ತೆರೆಯುತ್ತಿದ್ದರು.

ಗಿರಗಿಟ್ಲೆಯೂ ದಡಾರನೆ ಬಾಗಿಲು ತಳ್ಳಿದಳು. ಅಜ್ಜಿ ಬೆಚ್ಚಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಏನೇ ಬಿರುಗಾಳಿ?"

ಗಿರಗಿಟ್ಲೆ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅಜ್ಜಿ ಮಂಚದ ಕೆಳಗಿನಿಂದ ಟೈಲ್ಸ್ ಎಳೆದು, ಧೂಳು ಒರೆಸಿ, ತಾನೇ ಹೊತ್ತುಕೊಂಡು ಬಂದಳು.

ಪೆಟ್ಟಿಗೆಯೊಳಗೆ ಆಟದ ಕಾರು, ಉಯ್ಯಾಲೆ, ಪ್ಲಾಸ್ಟಿಕ್ ಹೂವು. ಮೇಲೆ ಝಗಝಗಿಸುವ ಟೇಬಲ್ ಲ್ಯಾಂಪು. ಚಿರತೆರಾಯ ನೀರಿನ ಬಟ್ಟಲಿನ ಹಿಂದೆ ತಲೆ ತುರುಕಿಕೊಂಡು ಬಿದ್ದಿದ್ದ.

"ಸುತ್ತ ಗಾಜು, ಮೇಲೆ ದೀಪ, ಎದುರಿಗೆ ನಿನ್ನ ಮೂಗು," ಎಂದಳು ಅಜ್ಜಿ. "ಅದು ಎಲ್ಲಿಗೆ ಹೋಗ್ಬೇಕೇ?"

"ಚೆನ್ನಾಗಿ ಕಾಣಿಸ್ಲಿ ಅಂತ..."

"ನಿನಗೆ ಕಾಣಿಸ್ಬೇಕು, ಸರಿ. ಅದಕ್ಕೇನು ಬೇಕು?"

ಮಾವ ತಲೆ ಕೆರೆದುಕೊಂಡ. "ಬಿಸಿ, ತಂಪು ಹೇಳಿ, ಮಾಡ್ಕೊಡ್ತೀನಿ. ಹಲ್ಲಿ ಮನಸ್ಸು ನನಗೆಲ್ಲಿ ಗೊತ್ತು!"

ಗಿರಗಿಟ್ಲೆ ಬಟ್ಟಲಿನ ಹಿಂದೆ ಬಗ್ಗಿ ನೋಡಿದಳು. "ಅವಿತ್ಕೊಳ್ಳೋಕೆ ಒಂದು ಮರೆ!"

ಆಮೇಲೆ ನೋಡಬೇಕಿತ್ತು ಸಡಗರ! ಮೊದಲು ಚಿರತೆರಾಯನನ್ನು ಡಬ್ಬಿಗೆ ಬಿಟ್ಟರು. ಕಾರು, ಉಯ್ಯಾಲೆ ಹೊರಗೆ ಬಂದವು. ಒಂದು ತುದಿಯ ಕೆಳಗೆ ಹೀಟರ್, ಒಳಗೆ ನೆಲಕ್ಕೆ ಟೈಲ್ಸ್ ಕೂತಿತು. ಬೆಚ್ಚನೆಯ ಕಡೆ ಟೈಲ್ಸ್ ಚೂರುಗಳ ಮೇಲೆ ಅಗಲದ ಟೈಲ್ಸ್ ಇಟ್ಟು, ಅದು ಅಲುಗದಂತೆ ಅಂಟಿಸಿ, ತಗ್ಗಿನ ಗುಹೆ ಮಾಡಿದರು. ತಂಪಿನ ಕಡೆ, ಬಾಯಿ ಒಡೆದ ಪುಟ್ಟ ಮಡಕೆ ಬೋರಲು. ಅದರೊಳಗೆ ಒದ್ದೆ ಬಟ್ಟೆ. ಗಾಜಿನ ಮೂರು ಬದಿಗೆ ರಟ್ಟು ಕಟ್ಟಿ, ಲ್ಯಾಂಪು ಆರಿಸಿದರು.

ಒಳಗೆ ಬಿಟ್ಟಿದ್ದೇ ತಡ, ಚಿರತೆರಾಯ ಸುಯ್ಯನೆ ಗುಹೆ ಸೇರಿಬಿಟ್ಟ.

"ಅಯ್ಯೋ, ಈಗ ಕಾಣೋದೇ ಇಲ್ಲ!"

"ಕಾಯಿ. ಮನಸ್ಸಾದಾಗ ಬರುತ್ತೆ," ಎಂದು ಅಜ್ಜಿ ಕೋಣೆಗೆ ಹೋದಳು.

ಕಾಯುವುದು! ಗಿರಗಿಟ್ಲೆ ತನ್ನ ಕೈಗಳ ಮೇಲೆ ತಾನೇ ಕೂತಳು. ಮಾವ ಆಕಳಿಸಿದ. ಕಿಟಕಿಯ ಬೆಳಕು ಮಂಕಾಯಿತು.

ಗುಹೆಯಿಂದ ಒಂದು ಮೂತಿ. ಒಂದು ಕಾಲು. ಇಡೀ ಚಿರತೆರಾಯ!

ಹುಳುವಿನ ಬಟ್ಟಲ ಬಳಿ ಅವನ ಬಾಲದ ತುದಿ ಕುಣಿಯಿತು. ಗಬಕ್! ಒಂದು ಹುಳು ಮಾಯ. ಗಬಕ್! ಮತ್ತೊಂದು.

ಗಿರಗಿಟ್ಲೆ ಬಾಯಿ ಮುಚ್ಚಿಕೊಂಡೇ ಕುಣಿದಳು. ಮಾವನೂ ಸದ್ದಿಲ್ಲದೆ ಕುಣಿದ. ಇಷ್ಟು ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ಅವಳು ಅಜ್ಜಿಯ ಹತ್ತಿರ ಓಡಿದಳು.

ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಅಜ್ಜಿ ದೇವರ ಹತ್ತಿರ ಮೆಲ್ಲಗೆ ಏನೋ ಹೇಳಿಕೊಳ್ಳುತ್ತಿದ್ದಳು.

ತಳ್ಳಲು ಹೋದ ಕೈ ಹಾಗೇ ನಿಂತಿತು.

"ಯಾಕೇ ನಿಂತೆ? ಅಜ್ಜಿ ಒಬ್ಬಳೇ ಇದಾಳೆ, ಬಾಗಿಲು ತೆಗಿ," ಎನ್ನುತ್ತ ಅಮ್ಮ ಬಂದಳು.

"ಶ್... ಬೇಡಮ್ಮ. ಮನಸ್ಸಾದಾಗ ಬರ್ತಾಳೆ."

ಗಿರಗಿಟ್ಲೆ ಎದುರಿನ ಗೋಡೆಗೆ ಒರಗಿ ಕೂತಳು. ಅವಳ ಕಾಲು ಕುಣಿಯಲು ಹವಣಿಸುತ್ತಿತ್ತು. ಮೊಣಕಾಲುಗಳನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಅಮ್ಮ ಅವಳನ್ನೇ ನೋಡಿದಳು. ಆಮೇಲೆ ತಾನೂ ಪಕ್ಕದಲ್ಲಿ ಕೂತಳು.

ಎಷ್ಟೋ ಹೊತ್ತಿನ ಮೇಲೆ ಬಾಗಿಲು ಒಳಗಿನಿಂದಲೇ ತೆರೆಯಿತು. ಅಜ್ಜಿಯ ಮುಖ ಹೊರಗೆ ಬಂತು.

"ತಿಂತೇನೇ?"