ಮನೆಯವರಿಗೂ ನಡೆಯುವ ಕಾರ್ಡು

"ಈ ಕಾರ್ಡು ಇಟ್ಕೊಂಡು ನಾನೇನ್ ಮಾಡ್ಲಿ ಮೇಡಂ? ಎದುರುಗಡೆ ಪುಷ್ಪಕ್‌ನವರದ್ದು ಇದಕ್ಕಿಂತ ಎಷ್ಟೋ ವಾಸಿ."

ತೇಜಶ್ರೀಗೆ ಮೈಯೆಲ್ಲ ಉರಿದುಹೋಯಿತು. ಬಿಸಿನೀರು ಬಂದಿಲ್ಲವೆಂದು ಆಗಷ್ಟೇ ಎರಡು ರೂಮಿನವರಿಂದ ಬೈಸಿಕೊಂಡಿದ್ದಾಳೆ. ಅದರ ಮೇಲೆ ಇವನೊಬ್ಬ ಬೇರೆ!

ಇದು ಎರಡು ಸಾವಿರದ ಎರಡನೇ ಇಸವಿಯ ಮಾತು. ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರ ಗಂಗಾಧರ ಲಾಡ್ಜ್. ಶಾಂತಿಗ್ರಾಮದಿಂದ ದಿನಾ ಬಸ್ಸಿನಲ್ಲಿ ಬಂದು ಅಲ್ಲಿ ಕೌಂಟರ್ ನೋಡಿಕೊಳ್ಳುವ ಹುಡುಗಿ ನಮ್ಮ ತೇಜಶ್ರೀ. ರಸ್ತೆಯಾಚೆ ಪುಷ್ಪಕ್ ಕಂಫರ್ಟ್ಸ್ ಅಂತ ಹೊಸ ಹೋಟೆಲು ಶುರುವಾಗಿ, ವಾರವಾರ ಬರುತ್ತಿದ್ದ ಗಿರಾಕಿಗಳೆಲ್ಲ ಅತ್ತ ವಾಲಿದ್ದರು. ಲಾಡ್ಜಿನ ಯಜಮಾನರು ಚನ್ನಬಸವಯ್ಯ ಗಾಬರಿಬಿದ್ದು ಒಂದು ಗುಲಾಬಿ ಕಾರ್ಡು ಅಚ್ಚು ಹಾಕಿಸಿದ್ದರು. ಹತ್ತು ರಾತ್ರಿ ಉಳಿದರೆ ಹತ್ತು ಸೀಲು, ಹನ್ನೊಂದನೇ ರಾತ್ರಿ ಪುಕ್ಕಟೆ.

ಆ ಮನುಷ್ಯ ಎರಡೂ ಕಾರ್ಡುಗಳನ್ನು ಕೌಂಟರಿನ ಮೇಲೆ ಪಕ್ಕಪಕ್ಕ ಇಟ್ಟು ಪಾಠ ಶುರುಮಾಡಿದ. ಪುಷ್ಪಕ್‌ನದು ಪ್ಲಾಸ್ಟಿಕ್ಕಿನದಂತೆ, ನೆನೆದರೂ ಏನೂ ಆಗುವುದಿಲ್ಲವಂತೆ. ರಾತ್ರಿಗೆ ನೂರು ಪಾಯಿಂಟು, ಊಟ ಮಾಡಿದರೆ ಮೇಲೆ ಇಪ್ಪತ್ತು. ಎಂಟೇ ಸಲಕ್ಕೆ ಒಂದು ರಾತ್ರಿ ಬಿಟ್ಟಿ ಸಿಗುತ್ತದಂತೆ.

ತೇಜಶ್ರೀ ಆ ಪ್ಲಾಸ್ಟಿಕ್ ಕಾರ್ಡನ್ನು ತಿರುವಿ ಅವನ ಮುಂದೆ ತಳ್ಳಿದಳು.

"ಮದುವೆ ಸೀಸನ್ನಲ್ಲಿ ನಡೆಯಲ್ಲ, ಶನಿವಾರ ನಡೆಯಲ್ಲ, ವರ್ಷ ಕಳೆದ್ರೆ ಪಾಯಿಂಟೆಲ್ಲ ಹೋಗತ್ತೆ. ಹಿಂದುಗಡೆ ಸಣ್ಣಕ್ಷರದಲ್ಲಿದೆ. ಓದಿದ್ರಾ ಸಾರ್?"

ಅವನು ಓದಿದ. ಇನ್ನೊಂದು ಸಲ ಓದಿದ. ಆಮೇಲೆ ಅವಳ ಮುಖ ನೋಡಿದ ನೋಡಿ... ರೂಮಿನ ಕೀ ಇಸಕೊಂಡು ಹೋದ. ರಿಜಿಸ್ಟರಿನಲ್ಲಿ ಅವನ ಹೆಸರು ಕಾಂತರಾಜು, ಊರು ನಂಜನಗೂಡು, ಕೆಲಸ ದನಕರುಗಳ ಔಷಧಿ ಕಂಪನಿಯ ಪ್ರತಿನಿಧಿ.

ವಾರಕ್ಕೊಮ್ಮೆ ಬರುತ್ತಿದ್ದ. ಬಂದರೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಪಶುವೈದ್ಯರನ್ನೆಲ್ಲ ಸುತ್ತಿ ಸಂಜೆ ಧೂಳು ಮೆತ್ತಿಕೊಂಡು ಬಂದು ಕೌಂಟರ್ ಮುಂದೆ ನಿಲ್ಲುತ್ತಿದ್ದ. ಕಂಪನಿಯ ಗೆಳೆಯರಿಗಾಗಿ ಎರಡೂ ಕಡೆಯ ಸೌಕರ್ಯಗಳನ್ನು ಡೈರಿಯಲ್ಲಿ ಹೋಲಿಸಿ ಬರೆಯುತ್ತಿದ್ದನಂತೆ. ಎಲ್ಲಿ ಹಾಸಿಗೆ ಚೆನ್ನ, ಎಲ್ಲಿ ನೀರು ಬಿಸಿ, ಯಾವ ಕಾರ್ಡು ಲಾಭ ಅಂತ. ಅದನ್ನು ಓದಿ ಹೇಳಿ ಅವಳನ್ನು ರೇಗಿಸುತ್ತಿದ್ದ. ಅವಳೂ ಬಿಡುತ್ತಿರಲಿಲ್ಲ. ಸೀಲನ್ನು ಬೇಕಂತಲೇ ಸೊಟ್ಟಗೆ ಒತ್ತಿ ಕೊಡುತ್ತಿದ್ದಳು.

ಒಂದು ದಿನ ಪುಷ್ಪಕ್‌ನಲ್ಲಿ ಉಳಿದಿದ್ದ ಅವನ ಗೆಳೆಯನೊಬ್ಬ ದಾರಿಯಲ್ಲಿ ಸಿಕ್ಕಿ ತೇಜಶ್ರೀಗೆ ವಿಷಯ ಬಾಯಿಬಿಟ್ಟ. ಕಾಂತರಾಜು ಆರು ಜನ ಗೆಳೆಯರಿಗೂ ಪುಷ್ಪಕ್‌ನಲ್ಲೇ ಉಳಿಯಿರಿ, ಅದೇ ಮೇಲು ಎಂದು ಹೇಳಿದ್ದನಂತೆ!

"ಹಾಗಾದ್ರೆ ನೀವ್ಯಾಕೆ ಇಲ್ಲಿಗೇ ಬರ್ತೀರಿ?" ಎಂದು ಕಾಂತರಾಜು ಬಂದಾಗ ಅವಳು ನೇರವಾಗಿ ಕೇಳಿಬಿಟ್ಟಳು.

ಅವನು ಕಿವಿಯವರೆಗೂ ಕೆಂಪಾದ. ಕಾರ್ಡು ಎತ್ತಿಕೊಂಡು ಮೆಟ್ಟಿಲ ಕಡೆ ನಡೆದುಬಿಟ್ಟ.

ಆ ಸಂಜೆ ಬಸ್ಸಿನಲ್ಲಿ ತೇಜಶ್ರೀ ಯಾವ ಲೋಕದಲ್ಲಿದ್ದಳೋ ಏನೋ, ಶಾಂತಿಗ್ರಾಮ ದಾಟಿದ್ದೇ ಗೊತ್ತಾಗಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು, ಒಬ್ಬಳೇ ನಗುತ್ತಾ ವಾಪಸ್ ನಡೆದು ಬಂದಳು. ಅಷ್ಟು ಸುಖವಾಗಿತ್ತು ಅವಳಿಗೆ.

ಎಲ್ಲ ಕೆಟ್ಟಿದ್ದು ಒಂಬತ್ತನೇ ಸೀಲಿನ ದಿನ.

"ಇನ್ನೊಂದೇ ಸೀಲು," ಎಂದ ಕಾಂತರಾಜು, ಕಾರ್ಡು ಜೇಬಿಗಿಡುತ್ತಾ. "ಆಮೇಲೆ ಆ ಫ್ರೀ ರೂಮಿಗೆ ನಮ್ಮನೆಯವರನ್ನ ಕರ್ಕೊಂಡು ಬರ್ತೀನಿ. ನಿಮ್ಮನ್ನ ನೋಡ್ಬೇಕು ಅಂತ ಬಹಳ ದಿನದಿಂದ ಹೇಳ್ತಿದಾರೆ."

ನಮ್ಮ ಕಡೆ ಹೆಂಗಸು 'ನಮ್ಮನೆಯವರು' ಅಂದರೆ ಗಂಡ. ಗಂಡಸು ಅಂದರೆ ಹೆಂಡತಿ. ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೆಂಡತಿಯ ಹೆಸರು ಹಿಡಿಯಲು ನಾಚುವವರೆಲ್ಲ ಬಳಸುವ ಮಾತು ಅದು.

ತೇಜಶ್ರೀ ಕೈಯಲ್ಲಿದ್ದ ಸೀಲು ಪ್ಯಾಡಿನ ಮೇಲೆಯೇ ನಿಂತುಹೋಯಿತು.

"ಎಷ್ಟು ಜನ ಬರ್ತೀರಿ?" ರಿಜಿಸ್ಟರ್ ತಿರುವುತ್ತಾ ಕೇಳಿದಳು.

"ನಾವಿಬ್ಬರೇ."

ಆ ಕಾರ್ಡಿನ ಹಿಂದೆ 'ಮನೆಯವರಿಗೂ ನಡೆಯುತ್ತದೆ' ಎಂದು ಬರೆದಿದ್ದು ತೇಜಶ್ರೀಯೇ. ಯಜಮಾನರು ಹೇಳಿದ್ದರು, ಇವಳು ದುಂಡಗೆ ಬರೆದುಕೊಟ್ಟಿದ್ದಳು, ಅದೇ ಅಚ್ಚಾಗಿತ್ತು. ಈಗ ಅದೇ ಮಾತು ಅವಳ ಎದೆಗೆ ಚುಚ್ಚಿತು. 'ಅಯ್ಯೋ, ಹೆಂಡತಿಗೆ ಹಾಸನ ತೋರಿಸೋಕೆ ಸೀಲು ಕೂಡಿಸ್ತಿದ್ದಾನೆ... ನಾನು ಏನೇನೋ ಅಂದ್ಕೊಂಡೆನಲ್ಲ. ಎಂಥ ಪೆದ್ದಿ ನಾನು!'

ಮನೆಗೆ ಹೋಗಿ ತಲೆನೋವು ಅಂತ ಮಲಗಿದಳು. ತಲೆಯೇನೂ ನೋಯುತ್ತಿರಲಿಲ್ಲ.

ಅವಳ ಅಪ್ಪ ಬಸವರಾಜು ಊರಿನ ಹಾಲಿನ ಸೊಸೈಟಿಯ ಕಾರ್ಯದರ್ಶಿ. ಚನ್ನರಾಯಪಟ್ಟಣದ ಹೈಸ್ಕೂಲ್ ಮೇಷ್ಟರೊಬ್ಬರು ಬಂದು ಹುಡುಗಿಯನ್ನು ನೋಡಿ ಒಪ್ಪಿ ಹೋಗಿ ಹದಿನೈದು ದಿನವಾಗಿತ್ತು. ತೇಜಶ್ರೀಯೇ ಸ್ವಲ್ಪ ದಿನ ತಡೀರಪ್ಪ ಎಂದು ಎಳೆಯುತ್ತಿದ್ದಳು. ಆ ಒಂಬತ್ತನೇ ಸೀಲು ಬಿದ್ದು ಎರಡು ವಾರಕ್ಕೆ, ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಅಪ್ಪ ಲಾಡ್ಜಿಗೇ ಫೋನ್ ಮಾಡಿದರು. ಗಂಡಿನವರು ಇವತ್ತೇ ಉತ್ತರ ಬೇಕು ಅಂತಿದ್ದಾರಂತೆ. ನಾಲ್ಕು ಗಂಟೆ ಬಸ್ಸಿಗೆ ತಾವೇ ಚನ್ನರಾಯಪಟ್ಟಣಕ್ಕೆ ಹೋಗಿ ಮಾತು ಕೊಟ್ಟು ಬರುತ್ತಾರಂತೆ. ಕೊಟ್ಟ ಮೇಲೆ ಹಿಂದೆ ತೆಗೆದುಕೊಳ್ಳುವ ಜನ ತಾವಲ್ಲ, ಯೋಚಿಸಿ ಹೇಳು ಎಂದರು.

ತೇಜಶ್ರೀ ಎದುರಿಗಿದ್ದ ರಿಜಿಸ್ಟರ್ ನೋಡಿದಳು. ಹತ್ತನೇ ಸೀಲು ಹೋದ ವಾರವೇ ಬಿದ್ದಿತ್ತು. ಈ ದಿನಕ್ಕೆ ಅವಳದೇ ಕೈಬರಹದಲ್ಲಿ 'ಕಾಂತರಾಜು, ಡಬಲ್ ರೂಮ್' ಎಂದಿತ್ತು.

"ಆಯ್ತಪ್ಪ. ನಿಮ್ಮಿಷ್ಟ," ಎಂದಳು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕಾಂತರಾಜು ಬಂದ. ಪಕ್ಕದಲ್ಲಿ ಹಣೆ ತುಂಬ ವಿಭೂತಿ ಹಚ್ಚಿದ ವಯಸ್ಸಾದ ಹೆಂಗಸು, ಕೈಯಲ್ಲಿ ಬಟ್ಟೆಯ ಬ್ಯಾಗು. ತೇಜಶ್ರೀ ಅವರಿಬ್ಬರನ್ನೂ ದಾಟಿ ಬಾಗಿಲ ಕಡೆ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

"ನಿಮ್ಮನೆಯವರು ಎಲ್ಲಿ ಸಾರ್?"

"ಇವರೇ. ನಮ್ಮವ್ವ, ಶಿವಗಂಗಮ್ಮ."

"ತಾಯಿ ಸರಿ. ಮನೆಯವರು?"

"ಮನೇಲಿರೋದೇ ನಾವಿಬ್ಬರು ಮೇಡಂ. ಇನ್ಯಾರು?"

ತೇಜಶ್ರೀ ಕೌಂಟರಿನ ಅಂಚು ಹಿಡಿದುಕೊಂಡಳು.

"ಮತ್ತೆ... ನಿಮ್ಮ ಹೆಂಡತಿ?"

ಕಾಂತರಾಜು ತಾಯಿಯ ಮುಖ ನೋಡಿದ. ಮೊದಲು ಅರ್ಥವಾದದ್ದು ಶಿವಗಂಗಮ್ಮನಿಗೆ. ಆಕೆ ಮಗನ ಕಡೆ ತಿರುಗಿ, "ಲೋ, ಮದ್ವೆ ಆಗ್ದೇ ಇರೋನು ಮನೆಯವ್ರನ್ನ ಕರ್ಕೊಂಡ್ ಬತ್ತೀನಿ ಅಂದ್ರೆ ಆ ಹೆಣ್ಮಗ ಏನಂತ ತಿಳ್ಕೊಂಡಾತ್ಲಾ? ಅವ್ವ ಅನ್ನಕ್ಕೆ ನಿಂಗೆ ಬಾಯ್ ಬರಾಕಿಲ್ವಾ?" ಎಂದು ಗದರಿದರು.

"ಕಾರ್ಡಲ್ಲಿ ಹಂಗೇ ಬರ್ದಿತ್ತು ಕಣವ್ವಾ..." ಎಂದ ಅವನು.

ಆಮೇಲೆ ತೇಜಶ್ರೀ ಕಡೆ ನೋಡಿದ. "ಮೇಡಂ, ಹಾಸಿಗೆ, ನೀರು, ಪಾಯಿಂಟು, ಎಲ್ಲದರಲ್ಲೂ ಪುಷ್ಪಕ್‌ನವರದ್ದೇ ಮೇಲು. ಆದ್ರೆ ಆ ಕೌಂಟರಲ್ಲಿ ನೀವಿಲ್ಲ. ಅವತ್ತು ನೀವು ಕೇಳಿದಾಗ ಹೇಳೋ ಧೈರ್ಯ ಬರಲಿಲ್ಲ. ಅದಕ್ಕೇ ಅವ್ವನ್ನ ಕರ್ಕೊಂಡು ಬಂದೆ."

ಅವಳ ಕಣ್ಣು ತುಂಬಿತು. ಸಂತೋಷ ಒಂದು ಉಸಿರಿನಷ್ಟು ಹೊತ್ತೂ ನಿಲ್ಲಲಿಲ್ಲ. ತಲೆಯ ಮೇಲಿನ ಗಡಿಯಾರದಲ್ಲಿ ನಾಲ್ಕಾಗಲು ಐದು ನಿಮಿಷ!

"ಅಪ್ಪ ಮಾತು ಕೊಡೋಕೆ ಹೊರಟಿದಾರೆ," ಎಂದಳು. "ಚನ್ನರಾಯಪಟ್ಟಣದ ಗಂಡಿಗೆ. ನಾನೇ ಹೂಂ ಅಂದೆ."

ಕಾಂತರಾಜು ಫೋನನ್ನು ಅವಳ ಮುಂದೆ ಸರಿಸಿದ.

ಶಾಂತಿಗ್ರಾಮದ ಬಸ್ ಸ್ಟಾಪಿನ ಪಕ್ಕ ತಮ್ಮಯ್ಯನವರ ಎಸ್‌ಟಿಡಿ ಅಂಗಡಿ. ತೇಜಶ್ರೀ ಆ ನಂಬರು ತಿರುಗಿಸಿದಳು. ಎಂಗೇಜ್. ಮತ್ತೆ ತಿರುಗಿಸಿದಳು. ಎಂಗೇಜ್. ಕಾಂತರಾಜು ಏನೋ ಹೇಳಲು ಬಂದ, ಅವಳು ಕೈಯೆತ್ತಿ ತಡೆದಳು. ಶಿವಗಂಗಮ್ಮ ಕಣ್ಣು ಮುಚ್ಚಿ ನಂಜುಂಡಪ್ಪನನ್ನು ನೆನೆಯುತ್ತಿದ್ದರು. ಮೂರನೇ ಸಲ ರಿಂಗಾಯಿತು.

ಬಸ್ಸು ಬಂದು ನಿಂತಿದೆ, ನಿಮ್ಮಪ್ಪ ಹತ್ತುತ್ತಿದ್ದಾರೆ ಎಂದರು ತಮ್ಮಯ್ಯ.

"ಇಳಿಸಿ ಮಾವ. ನಿಮ್ಮ ಕಾಲಿಗೆ ಬೀಳ್ತೀನಿ, ಇಳಿಸಿ."

ರಿಸೀವರ್ ಮೇಜಿನ ಮೇಲಿಟ್ಟ ಸದ್ದು. ಬಸ್ಸಿನ ಎಂಜಿನ್ ಗುರುಗುಟ್ಟುವುದು ಕೇಳಿಸುತ್ತಿತ್ತು. ಯಾರೋ ಕೂಗಿದರು. ಕಂಡಕ್ಟರ್ ಸೀಟಿ ಊದಿದ. ಎಂಜಿನ್ ಸದ್ದು ದೊಡ್ಡದಾಯಿತು, ದೂರವಾಯಿತು... ಆಮೇಲೆ ಏನೂ ಇಲ್ಲ. ತೇಜಶ್ರೀ ಗಡಿಯಾರ ನೋಡುತ್ತಾ ಕಾದಳು.

"ಏನವ್ವಾ? ಏನಾಯ್ತು?" ಅಪ್ಪನ ಧ್ವನಿ, ಏದುಸಿರು.

ಅವಳು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮಾತು ಕೊಡಬೇಡಿ ಅಪ್ಪ."

"ಆಗ್ಲೇ ಹೂಂ ಅಂದೆಯಲ್ಲವ್ವಾ."

"ತಪ್ಪು ತಿಳ್ಕೊಂಡು ಅಂದೆ. ನನ್ನ ಮನಸ್ಸಲ್ಲಿ ಬೇರೆಯವರಿದಾರೆ. ನಂಜನಗೂಡಿನವರು, ಕಾಂತರಾಜು ಅಂತ. ದನದ ಔಷಧಿ ಕಂಪನಿ. ತಾಯೀನ ಕರ್ಕೊಂಡು ಕೇಳೋಕೆ ಬಂದಿದಾರೆ. ನನಗೆ... ನನಗೆ ಅವರೇ ಬೇಕು ಅಪ್ಪ."

ಇಷ್ಟು ದಿನ ನನಗ್ಯಾಕೆ ಹೇಳಲಿಲ್ಲ ಅಂತ ಅಪ್ಪ ಮೆಲ್ಲಗೆ ಕೇಳಿದರು. ಅವಳು ಅತ್ತುಬಿಟ್ಟಳು.

"ಅಳ್ಬ್ಯಾಡ. ಬಸ್ ಓಯ್ತು, ನಾನು ಓಗ್ಲಿಲ್ಲ ಕಣ," ಎಂದರು ಬಸವರಾಜು. "ಮೇಷ್ಟರ ಮನೆಯೋರಿಗೆ ನಾನು ಏಳ್ಕೊತೀನಿ. ಆ ತಾಯೀನ, ಆ ಉಡುಗುನ್ನ ಕರ್ಕೊಂಡು ಮನೆಗೆ ಬಾ. ಮಾತಾಡಾನ."

ತೇಜಶ್ರೀ ಫೋನ್ ಇಟ್ಟಳು. ಶಿವಗಂಗಮ್ಮ ಅವಳ ಕೆನ್ನೆ ಸವರಿ, ಬ್ಯಾಗು ಎತ್ತಿಕೊಂಡು ಬಾಗಿಲ ಬಳಿ ಹೋಗಿ ಬೇಕೆಂದೇ ಬೀದಿಯ ಕಡೆ ಮುಖ ಮಾಡಿ ನಿಂತರು.

ಕಾಂತರಾಜು ಕೌಂಟರಿಗೆ ಹತ್ತಿರ ಬಂದ.

"ತೇಜಶ್ರೀ," ಎಂದ. ಮೇಡಂ ಅನ್ನದೆ ಅವನು ಕರೆದದ್ದು ಅದೇ ಮೊದಲು. "ಈಗ ಹೇಳಿದ್ರಲ್ಲ, ಅದು ಅಪ್ಪನಿಗೆ ಹೇಳಿದ್ದು."

"ನೀವೂ ಕೇಳಿಸ್ಕೊಂಡ್ರಲ್ಲ."

"ಪಕ್ಕದಲ್ಲಿ ನಿಂತು ಕೇಳಿಸ್ಕೊಂಡೆ. ನನಗೇ ಅಂತ ಹೇಳಲ್ವಾ?"

ಅವಳು ಕಣ್ಣೊರೆಸಿಕೊಂಡು ತಲೆಯೆತ್ತಿದಳು.

"ನನಗೆ ನೀವೇ ಬೇಕು."