ನೀರಿನಲ್ಲಿ ಫ್ಯಾಟ್

2025ರ ಫೆಬ್ರವರಿ 11, ಮಂಗಳವಾರ ಬೆಳಿಗ್ಗೆ 10.20ಕ್ಕೆ ಸಾಲಿಗ್ರಾಮ ಠಾಣೆಗೆ ಪುಷ್ಪಾ ಬಂದಳು. ಎಡಗಣ್ಣಿಗೆ ಬ್ಯಾಂಡೇಜು, ಕೈಯಲ್ಲಿ ತೂತುಬಿದ್ದ ಟವೆಲು. ಊರಾಚೆಯ ಖಾಸಗಿ ಡೇರಿಯ ಲ್ಯಾಬಿನಲ್ಲಿ ಒಂಬತ್ತು ವರ್ಷದಿಂದ ಹಾಲಿನ ಫ್ಯಾಟ್ ಪರೀಕ್ಷಿಸುವವಳು. ಐದು ದಿನದ ಹಿಂದೆ ಗಾಜಿನ ಕೊಳವೆಯ ಬಿರಡೆ ಹಾರಿ ಬಿಸಿ ಆಸಿಡ್ ಕಣ್ಣಿಗೆ ಸಿಡಿದಿತ್ತು.

“ತಪ್ಪು ನಂದೇ ಅಂತ ಸೈನ್ ಹಾಕು, ಕೆಲ್ಸ ಉಳುಸ್ತೀನಿ ಅಂದ್ರು ಮ್ಯಾನೇಜರ್ರು. ನಾ ಹಾಕಾಕಿಲ್ಲ ಮೇಡಂ. ಬಟ್ಟೆ ಸುತ್ತದೆ ಕೊಳವೆ ಅಲ್ಲಾಡ್ಸಿದ್ಲು ಅಂತಾರೆ. ಸುತ್ತಿದ್ದ ಬಟ್ಟೆ ಇದೇ!”

ಪಿಎಸ್‌ಐ ಲಕ್ಷ್ಮಿದೇವಿ ಟವೆಲನ್ನು ಮಡಿಚಿ ನೋಡಿದಳು. ಆಸಿಡ್ ತಿಂದ ತೂತುಗಳು ಮಡಿಕೆಯ ಮೇಲೆ ಮಡಿಕೆ ಸರಿಯಾಗಿ ಕೂತವು; ಬಟ್ಟೆ ಸುತ್ತಿದ್ದಾಗಲೇ ಬಿದ್ದ ತೂತುಗಳು.

“ಅವತ್ತು ಬೇರೆ ಏನಾದ್ರೂ ವ್ಯತ್ಯಾಸ ಇತ್ತಾ?”

“ಹಾಲಿಗೆ ಆಸಿಡ್ ಜತೆ ಹಾಕೋ ಅಮೈಲ್ ಆಲ್ಕೋಹಾಲ್ ಬಾಟ್ಲಿ ವಾಸ್ನೆ ಬ್ಯಾರೆ ಇತ್ತು. ಸ್ಟೋರ್ ಗೌರೀಶಣ್ಣನ್ನ ಕೇಳ್ದೆ. ಹೊಸ ಕಂಪ್ನಿ ಮಾಲು ಕಣಮ್ಮ, ಬುಡು ಅಂದ.”

11.05ಕ್ಕೆ ಎಫ್‌ಐಆರ್ ಆಯಿತು. ಬಿಎನ್‌ಎಸ್ ಕಲಂ 125(ಬಿ), 286. ಅರ್ಧ ಗಂಟೆಯಲ್ಲೇ ಮ್ಯಾನೇಜರ್ ರೇಣುಕಾಪ್ರಸಾದನ ಫೋನು.

“ಸಣ್ಣ ಆಕ್ಸಿಡೆಂಟು ಮೇಡಂ. ದೊಡ್ಡೋರಿಂದ ಒಂದು ಮಾತು ಹೇಳಿಸ್ಲಾ?”

“ಹೇಳ್ಸಿ. ಅವರ ಹೆಸರೂ ಸ್ಟೇಷನ್ ಡೈರಿಗೆ ಬರ್ಕೋತೀನಿ.”

ಇಂಥ ಫೋನು ಬಂದಾಗಲೆಲ್ಲ ಲಕ್ಷ್ಮಿದೇವಿಗೆ ಹಟ ಇನ್ನೂ ಗಟ್ಟಿಯಾಗುತ್ತಿತ್ತು.

ಮಧ್ಯಾಹ್ನ 3ಕ್ಕೆ ಪುಷ್ಪಾಳನ್ನೂ ಇಬ್ಬರು ಪಂಚರನ್ನೂ ಕರೆದೊಯ್ದು ಲ್ಯಾಬ್ ತೆರೆಸಿದಳು. ಅಪಘಾತದ ದಿನವೇ ಮ್ಯಾನೇಜರ್ ಬೀಗ ಹಾಕಿ ಕೀಲಿ ಇಟ್ಟುಕೊಂಡಿದ್ದ.

“ಇವ್ಳು ಗಾಗಲ್ಸೇ ಹಾಕಿರ್ಲಿಲ್ಲ ಮೇಡಂ,” ಎಂದ.

“ಗಾಗಲ್ಸ್ ಎಲ್ಲಿ?”

ಮ್ಯಾನೇಜರನ ಕಣ್ಣು ತನ್ನ ಕೋಣೆಯ ಕಡೆ ಹೋಯಿತು. ಹೆಡ್ ಕಾನ್‌ಸ್ಟೇಬಲ್ ಮುದ್ದಯ್ಯ ಮ್ಯಾನೇಜರನ ಬೀರು ತೆಗೆಸಿದ. ನಾಲ್ಕು ಜೊತೆ ಗಾಗಲ್ಸ್ ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಕೂತಿದ್ದವು.

“ಆಡಿಟ್‌ನೋರು ಬಂದಾಗ ಈಚೆಗೆ ಬತ್ತವೆ,” ಎಂದಳು ಪುಷ್ಪಾ. “ಮೇಡಂ, ಹಾಲಿನ ಬದ್ಲು ನೀರಾಕಿ ನೋಡನ. ಆಲ್ಕೋಹಾಲು ಚೊಕ್ಕವಾಗಿದ್ರೆ ಮ್ಯಾಕೆ ಏನೂ ತೇಲಲ್ಲ. ನೀರಲ್ಲಿ ಫ್ಯಾಟ್ ಎಲ್ಲಿಂದ ಬಂದಾತು?”

ಅದೇ ಗಾಗಲ್ಸ್ ಹಾಕಿಕೊಂಡು, ಕೈಗವಸು ತೊಟ್ಟು, ದಪ್ಪ ಟವೆಲ್ ಸುತ್ತಿ ಅವಳೇ ಪರೀಕ್ಷೆ ಮಾಡಿದಳು. ಅಪಘಾತದ ಮರುದಿನ ಸ್ಟೋರಿಗೆ ಬಂದಿದ್ದ, ಸೀಲು ಒಡೆಯದ ಹೊಸ ಬಾಟ್ಲಿ ಬಳಸಿದ ಕೊಳವೆಯಲ್ಲಿ ಏನೂ ತೇಲಲಿಲ್ಲ. ಅವತ್ತಿನ ಬಾಟ್ಲಿ ಬಳಸಿದ ಕೊಳವೆ ಬಿರಡೆ ಸಡಿಲಿಸುತ್ತಲೇ ಬುಸ್ಸೆಂದಿತು. ನೀರಿನ ಮೇಲೆ ಎಣ್ಣೆಯಂಥ ಪದರ ನಿಂತಿತು. ಪಂಚರು ಬಗ್ಗಿ ಬಗ್ಗಿ ನೋಡಿದರು.

ಆ ಬಾಟ್ಲಿಯ ಬ್ಯಾಚ್ ಸ್ಟೋರ್ ರಿಜಿಸ್ಟರಿನ ಪ್ರಕಾರ ಡಿಸೆಂಬರಿನಲ್ಲೇ ಖಾಲಿಯಾಗಿತ್ತು. ಖಾಲಿ ಬಾಟ್ಲಿ ಮತ್ತೆ ತುಂಬಿದ್ದು ಹೇಗೆ? ಸ್ಟೋರಿನಲ್ಲಿ ಗೇಟಿನ ಪೇಂಟಿಗೆ ತಂದ ಥಿನ್ನರ್ ಡಬ್ಬ, ಹಿಂದಿನ ಗುಂಡಿಯಲ್ಲಿ ಒಡೆದ ಇನ್ನೊಂದು ಆಲ್ಕೋಹಾಲ್ ಬಾಟ್ಲಿಯ ಚೂರು ಸಿಕ್ಕವು. ಮಾದರಿಗಳಿಗೆ ಸೀಲು ಹಾಕಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಬರೆದದ್ದಾಯಿತು. ಸಂಜೆ 5.40ಕ್ಕೆ ಗೌರೀಶನ ಬಂಧನ.

“ಹಳೇ ಬಾಟ್ಲಿಗೆ ಥಿನ್ನರ್ ಯಾಕೋ ತುಂಬಿದೆ?”

“ಬಾಟ್ಲಿ ಕೈಜಾರ್ತು ಮೇಡಂ. ಆಗ್ಲೇ ಎರಡು ಮೆಮೊ ಆಗಿತ್ತು, ಮೂರನೇದಕ್ಕೆ ಮನೆಗೆ ಅಂದಿದ್ರು ಮ್ಯಾನೇಜರ್ರು. ಹೊಸದು ಬರೋಗಂಟ ಒಂದೆರಡು ದಿನ ನಡೀತದೆ ಅಂದ್ಕಂಡೆ.”

“ಕಣ್ಣು ಹೋದ್ಮೇಲಾದ್ರೂ ಬಾಯಿ ಬಿಡಬಹುದಿತ್ತಲ್ಲ?”

ಲಕ್ಷ್ಮಿದೇವಿಗೆ ಗೌರೀಶನ ಮೇಲೆ ಕನಿಕರ ಬಂತು, ಸಿಟ್ಟು ಇಳಿಯಲಿಲ್ಲ. ಅವನನ್ನು ಆಡಿಸಿದ್ದು ದುರಾಸೆಯಲ್ಲ, ಮೆಮೊ ಕಾಗದದ ಹೆದರಿಕೆ. ಆ ಹೆದರಿಕೆ ಹುಟ್ಟಿಸಿದವನು, ಗಾಗಲ್ಸ್ ಬೀರುವಿನಲ್ಲಿಟ್ಟವನು, ಬಾಗಿಲಲ್ಲೇ ನಿಂತಿದ್ದ.

“ಮುದ್ದಯ್ಯ, ಎರಡನೇ ಆರೋಪಿ ಅಂತ ರೇಣುಕಾಪ್ರಸಾದ್ ಹೆಸರು ಸೇರಿಸ್ರಿ.”

ಪಂಚನಾಮೆಯನ್ನು ಓದಿ ಹೇಳಿದ ಮುದ್ದಯ್ಯ, ಪರೀಕ್ಷೆ ಮಾಡಿದವರ ಸಹಿಗೆಂದು ಪೆನ್ನು ಚಾಚಿದ. ಪುಷ್ಪಾ ಒಂದೇ ಕಣ್ಣಲ್ಲಿ ಮೊದಲಿಂದ ಕೊನೆವರೆಗೂ ಮತ್ತೊಮ್ಮೆ ಓದಿಕೊಂಡಳು.

“ಇದಕ್ಕೆ ಹಾಕ್ತೀನಿ,” ಎಂದು ಪೆನ್ನು ತೆಗೆದುಕೊಂಡಳು.