ನೂರ ಇಪ್ಪತ್ತೇಳು ಹಲ್ಲಿನ ಚಕ್ರ

"ಅಮ್ಮಾ, ಸಂಜೆಯೊಳಗೆ ನನ್ನ ಗಂಡನ್ನ ಪೊಲೀಸರು ಎಳ್ಕೊಂಡು ಹೋಗ್ತಾರೆ," ಎಂದು ಆ ಹೆಂಗಸು ನಮ್ಮ ಹೊಸ್ತಿಲಲ್ಲೇ ಕುಸಿದಳು.

ಅವಳ ಗಂಡ ಹಿಟ್ಟಿನ ಗಿರಣಿಯ ಯಂತ್ರ ನಡೆಸುವವನು. ಅಂದು ಬೆಳಿಗ್ಗೆ ದೊಡ್ಡ ಚಕ್ರದ ಹಲ್ಲೊಂದು ಮುರಿದು ಹಾರಿ, ಮೂಟೆ ಹೊರುವವನ ತಲೆಗೆ ಬಡಿದಿತ್ತು. ಆಸ್ಪತ್ರೆಯಲ್ಲಿ ಅವನಿಗಿನ್ನೂ ಎಚ್ಚರವಿರಲಿಲ್ಲ. ಯಂತ್ರದವನು ಸಿಟ್ಟಿನಲ್ಲಿ ಚಕ್ರದೊಳಕ್ಕೆ ಸ್ಪ್ಯಾನರ್ ಎಸೆದನೆಂದು ಗಿರಣಿಯ ಫಿಟ್ಟರ್ ಪೊಲೀಸರಿಗೆ ಹೇಳಿದ್ದ.

ನನ್ನ ಅಕ್ಕ ಲೆಕ್ಕದ ಮೇಡಂ ಆಗಿದ್ದವಳು. ಎಷ್ಟೋ ಮೋಸಗಳ ಗಂಟು ಬಿಚ್ಚಿದವಳು. ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟು, ಅವಳ ಚೀಲ ಹಿಡಿದು ಹಿಂದೆ ತಿರುಗಿದವನು. ಕಂಡದ್ದನ್ನು ಮರೆಯುವುದಿಲ್ಲ, ಅಷ್ಟೇ.

ನಾವು ಗಿರಣಿ ತಲುಪಿದಾಗ ಒಡತಿ ಆಸ್ಪತ್ರೆಯ ಸುದ್ದಿಗೆ ಕಾಯುತ್ತ ಫೋನನ್ನು ಎದೆಗವಚಿಕೊಂಡು ನಿಂತಿದ್ದರು. ಹೆಂಗಸು ಓಡಿಹೋಗಿ ಗಂಡನ ತೋಳು ಹಿಡಿದಳು. ಚಕ್ರಗಳ ಸುತ್ತ ಕಬ್ಬಿಣದ ಪೆಟ್ಟಿಗೆ. ಮುಂದೆ ಎಣ್ಣೆ ಬಿಡಲು ಒಂದು ಕಿಂಡಿ, ಹಲ್ಲು ಹಾರಿದ್ದೂ ಅದರಿಂದಲೇ; ಉಳಿದದ್ದಕ್ಕೆಲ್ಲ ಬೀಗ. ಅಕ್ಕ ಬೀಗ ತೆಗೆಸಿದಳು. ಚಿಕ್ಕ ಚಕ್ರದಲ್ಲಿ ಒಂದು ಹಲ್ಲಿಗೆ ಹಳೆಯ ಚಕ್ಕೆ ಎದ್ದಿತ್ತು. ದೊಡ್ಡದರಲ್ಲಿ ಏಳು ಹಲ್ಲುಗಳಿಗೆ ಮಾತ್ರ ಆಳವಾದ ಗಾಯ, ಒಂದೇ ಅಂತರದಲ್ಲಿ. ಮುರಿದದ್ದೂ ಅವುಗಳಲ್ಲೊಂದು.

"ಈ ಚಕ್ರ ಯಾವಾಗಿಂದ ಇದೆಯಪ್ಪಾ?"

"ಗಿರಣಿ ಹುಟ್ಟಿದಾಗಿಂದ," ಎಂದ ಫಿಟ್ಟರ್. "ನೂರ ಇಪ್ಪತ್ತೇಳು ಹಲ್ಲು, ತಗಡಿನ ಮೇಲೇ ಬರೆದಿದೆ. ಚಿಕ್ಕದಕ್ಕೆ ಹದಿನೆಂಟು. ಒಂದೊಂದಕ್ಕೂ ಎಣ್ಣೆ ಹಾಕೋನು ನಾನೇ. ಬೀಗದ ಕೈ ಬೇರೆಯವರ ಹತ್ರ ಇಲ್ಲ."

ಅಷ್ಟರಲ್ಲಿ ಪೇದೆಯೂ ಬಂದ. ಅಕ್ಕ ಎಲ್ಲರನ್ನೂ ಚಕ್ರದ ಮುಂದೆ ನಿಲ್ಲಿಸಿದಳು.

"ನೂರ ಇಪ್ಪತ್ತೇಳು ಅವಿಭಾಜ್ಯ ಸಂಖ್ಯೆ. ಒಂದು ಮತ್ತು ಅದೇ ಸಂಖ್ಯೆ ಬಿಟ್ಟು ಬೇರೆ ಯಾವುದರಿಂದ ಭಾಗಿಸಿದ್ರೂ ಶೇಷ ಉಳಿಯುತ್ತೆ. ಚಕ್ರ ಮಾಡಿದವರು ಅದನ್ನ ಆರಿಸಿದ್ದೇ ಅದಕ್ಕೆ. ಆ ಚಕ್ಕೆ ಎದ್ದ ಹಲ್ಲು ದೊಡ್ಡ ಚಕ್ರದ ಎಲ್ಲಾ ಹಲ್ಲಿಗೂ ತಾಗಿದ ಮೇಲೇ ಮೊದಲನೇದಕ್ಕೆ ವಾಪಸ್ ಬರ್ಬೇಕು. ಏಟು ಸಮನಾಗಿ ಹಂಚಿಹೋಗ್ಬೇಕು. ಇಲ್ಲಿ ಏಳೇ ಹಲ್ಲು ದಿನಾ ಏಟು ತಿಂದಿವೆ. ಸ್ಪ್ಯಾನರ್ ಹೀಗೆ ಅಳತೆ ಮಾಡಿ ಹೊಡೆಯುತ್ತಾ? ಹದಿನೆಂಟು ಏಳಲಿ ಎಷ್ಟು?"

"ನೂರ ಇಪ್ಪತ್ತಾರು," ಎಂದ ಪೇದೆ.

"ಅಷ್ಟೇ ಹಲ್ಲಿದ್ರೆ, ಆ ಚಕ್ಕೆ ಎದ್ದ ಹಲ್ಲು ಪ್ರತಿ ಸುತ್ತಿಗೂ ಅದೇ ಏಳಕ್ಕೇ ಬಡಿಯುತ್ತೆ," ಎಂದಳು ಅಕ್ಕ.

ಫಿಟ್ಟರ್ ನಕ್ಕ. "ಹಲ್ಲು ನೋಡಿ ಕಳ್ಳನ್ನ ಹಿಡಿಯೋಕೆ ನೀವೇನು ದಂತವೈದ್ಯರಾ ಮೇಡಂ?"

"ತಮ್ಮಾ, ಎಣಿಸು," ಎಂದಳು ಅಕ್ಕ.

ಮೊದಲ ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಶುರುಮಾಡಿದೆ. ನೂರು ದಾಟಿದರೆ ನನ್ನ ನಾಲಿಗೆ ತಡವರಿಸುತ್ತದೆ. ತಪ್ಪಿದರೆ ಒಬ್ಬನ ಬದುಕು ಹೋಗುತ್ತದೆಂದು ಒಂದೊಂದು ಹಲ್ಲನ್ನೂ ಮುಟ್ಟಿ ಎಣಿಸಿದೆ. ಮುರಿದ ಬುಡವನ್ನೂ ಸೇರಿಸಿಕೊಂಡೆ. "ನೂರ ಇಪ್ಪತ್ತಾರು," ಎಂದೆ. ಮುಂದಿನ ಹಲ್ಲಿನ ಮೇಲೆ ನಾನೇ ಹಾಕಿದ ಗುರುತಿತ್ತು.

"ಉಕ್ಕಿನ ಚಕ್ರ ಮಾರ್ಕೊಂಡು ಸುಲಭಕ್ಕೆ ಮುರಿಯೋ ಗುಜರಿಯ ಬೀಡು ಕಬ್ಬಿಣದ್ದು ಕೂರಿಸಿದ್ದೀಯ," ಎಂದಳು ಅಕ್ಕ. "ಬೇರೆಯವರು ಬದಲಾಯಿಸಿದ್ರೆ, ಒಂದೊಂದು ಹಲ್ಲಿಗೂ ಎಣ್ಣೆ ಹಾಕೋನಿಗೆ ಗೊತ್ತಾಗ್ತಿರ್ಲಿಲ್ವಾ?"

ಫಿಟ್ಟರ್ ಬೀಗದ ಕೈಯನ್ನು ಮೆಲ್ಲಗೆ ನೆಲದ ಮೇಲಿಟ್ಟ. ಆಗಲೇ ಒಡತಿಯ ಫೋನ್ ಬಡಿದುಕೊಂಡಿತು. ಅವರು ಕಿವಿಗಿಟ್ಟುಕೊಂಡರು.

"ಕಣ್ಣು ಬಿಟ್ಟನಂತೆ," ಎಂದರು ಒಡತಿ. "ನೀರು ಕೇಳಿದನಂತೆ."

ಆ ಹೆಂಗಸು ಅಲ್ಲಿಯವರೆಗೂ ಹಿಡಿದಿದ್ದ ಗಂಡನ ತೋಳನ್ನು ಆಗ ಬಿಟ್ಟಳು. ಅಲ್ಲಿ ಅವಳ ಐದೂ ಬೆರಳಿನ ಗುರುತು ಕೆಂಪಗೆ ಮೂಡಿತ್ತು.